ಎರಡಿಂಚು ಪೈಪಿಗೆ ಎರಡಿಂಚು ಮೀಟರೇ ಬೇಕೆ? ಕೊಡಗಿನ ಕೈಗಾರಿಕಾ ಶೆಡ್‌ಗಳಲ್ಲಿ ಕುಡಿಯುವ ನೀರಿನ ಅಳತೆ ಮತ್ತು ಬಿಲ್ಲು

ಜನವರಿಯಲ್ಲಿ ಕುಶಾಲನಗರದ ಬಳಿಯ ಕೂಡ್ಲೂರು ಕೈಗಾರಿಕಾ ಪ್ರದೇಶಕ್ಕೆ ಬಂದರೆ ಕಾಫಿಯ ಹೊಟ್ಟಿನ ವಾಸನೆ ಮೂಗಿಗೆ ಅಡರುತ್ತದೆ. ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ, ಕ್ಯೂರಿಂಗ್ ಶೆಡ್‌ಗಳ ಒಳಗೆ ಹೆಂಗಸರು ಸಾಲಾಗಿ ಕುಳಿತು ಬೀಜ ಆರಿಸುತ್ತಿರುತ್ತಾರೆ. ಅದೇ ಜಾಗಕ್ಕೆ ಜುಲೈ ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಬನ್ನಿ. ಎಷ್ಟೋ ಶೆಡ್‌ಗಳಲ್ಲಿ ಕಾವಲುಗಾರನೊಬ್ಬ, ಯಂತ್ರ ಬಿಚ್ಚಿಟ್ಟುಕೊಂಡು ಕುಳಿತ ಇಬ್ಬರು ಮೂವರು ಮೆಕ್ಯಾನಿಕ್‌ಗಳು, ಅಷ್ಟೇ. ನೀರಿನ ಮೀಟರ್ ಕೊಳ್ಳಲು ಹೊರಟವರ ಕಣ್ಣ ಮುಂದೆ ಈ ಎರಡು ಚಿತ್ರಗಳೂ ಇರಬೇಕು.

ಈ ಸುತ್ತಿನ ಶೆಡ್‌ಗಳ ಪಂಪು, ಪೈಪು, ನೀರಿನ ಲೆಕ್ಕ ನೋಡಿಕೊಂಡು ಬಂದಿರುವ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಹುಟ್ಟಿದವು. ಪೈಪಿನ ಅಳತೆ ನೋಡಿ ಮೀಟರ್ ತಂದರು, ಬಿಲ್ಲು ಹೇಗೆ ಮಾಡುವುದು ಎಂಬುದನ್ನು ಆಮೇಲೆ ಯೋಚಿಸಿದರು. ಕ್ರಮ ತಿರುಗಾಮುರುಗಾ ಆಗಬೇಕು. ಯಾರು ಎಷ್ಟಕ್ಕೆ ಹಣ ಕೊಡಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು. ಅದಕ್ಕೆ ಎಲ್ಲಿ ಅಳೆಯಬೇಕು ಎಂಬುದು ನಂತರ. ಯಾವ ಮೀಟರ್ ಎಂಬುದು ಕೊನೆಗೆ.

ಹಣ ಹಂಚುವ ದಾರಿಗಳು

ಒಂದೇ ಸಂಪಿನಿಂದ ನಾಲ್ಕಾರು ಶೆಡ್‌ಗಳಿಗೆ ನೀರು ಹೋಗುವ ಆವರಣದಲ್ಲಿ ಖರ್ಚು ಹಂಚಿಕೊಳ್ಳುವ ಮೂರು ರೂಢಿಗಳನ್ನು ನೋಡಿದ್ದೇನೆ: ಚದರಡಿಯ ಮೇಲೆ, ತಲೆ ಎಣಿಸಿ, ಮೀಟರ್ ಓದಿ.

ಚದರಡಿಯ ಲೆಕ್ಕ ಬಾಡಿಗೆಗೆ ಸರಿ, ನೀರಿಗೆ ಅಲ್ಲ. ಕಾಫಿ, ಕರಿಮೆಣಸು ತುಂಬಿಟ್ಟ ದೊಡ್ಡ ಗೋದಾಮಿನಲ್ಲಿ ಇಬ್ಬರು ಹಮಾಲರಿರುತ್ತಾರೆ. ಅದರ ಕಾಲು ಭಾಗದಷ್ಟಿರುವ ಆರಿಸುವ ಶೆಡ್ಡಿನಲ್ಲಿ ನೂರು ಜನ ದುಡಿಯುತ್ತಾರೆ. ಈ ಕ್ರಮವನ್ನು ಇನ್ನು ಚರ್ಚಿಸಬೇಕಾಗಿಲ್ಲ.

ತಲೆ ಎಣಿಸುವ ಕ್ರಮಕ್ಕೆ ಒಂದು ಆಧಾರವಿದೆ. ಕಟ್ಟಡಗಳ ನೀರಿನ ಅಗತ್ಯವನ್ನು ಹೇಳುವ ಭಾರತೀಯ ಮಾನಕ ಐಎಸ್ 1172, ಸ್ನಾನದ ವ್ಯವಸ್ಥೆ ಬೇಕಾದ ಕಾರ್ಖಾನೆಗೆ ಒಬ್ಬರಿಗೆ ದಿನಕ್ಕೆ 45 ಲೀಟರ್, ಬೇಡವಾದಲ್ಲಿ 30 ಲೀಟರ್ ಎಂದು ಹಿಡಿಯುತ್ತದೆ. ಕುಡಿಯುವುದು, ಕೈ ತೊಳೆಯುವುದು, ಶೌಚಾಲಯ ಎಲ್ಲ ಇದರಲ್ಲಿ ಸೇರಿದೆ. ಸಂಪು, ಟ್ಯಾಂಕು ಎಷ್ಟು ದೊಡ್ಡದಿರಬೇಕು ಎಂದು ನೋಡಲು, ಮೀಟರ್ ಹೇಳುವ ಸಂಖ್ಯೆ ನಂಬುವಂತಿದೆಯೇ ಎಂದು ತಾಳೆ ಹಾಕಲು ಇದು ಬಹಳ ಒಳ್ಳೆಯ ಅಂದಾಜು. ಬಿಲ್ಲಿಗೆ ಮಾತ್ರ ಇದನ್ನು ಬಳಸಬೇಡಿ. ತಲೆಗೆ ಇಷ್ಟು ಎಂದು ಬಿಲ್ಲು ಬರುವ ಕಡೆ ಹಾಜರಿ ಪುಸ್ತಕದಲ್ಲಿ ತಲೆ ಕಡಿಮೆ ತೋರಿಸುವ ಆಸೆ ಹುಟ್ಟುತ್ತದೆ. ಕೊಯ್ಲಿನ ಕಾಲದಲ್ಲಿ ಗುತ್ತಿಗೆಯಲ್ಲಿ ಬರುವ ಕೆಲಸಗಾರರ ಹೆಸರು ಪುಸ್ತಕದಿಂದ ಬಿಟ್ಟುಹೋದರೆ ಅವರು ಕಳೆದುಕೊಳ್ಳುವುದು ನೀರಿನ ಹಣಕ್ಕಿಂತ ದೊಡ್ಡದು. ಅಂಥ ಆಸೆಗೆ ದಾರಿ ಮಾಡಿಕೊಡುವ ಯಾವ ಲೆಕ್ಕವೂ ನಮಗೆ ಬೇಡ.

ಉಳಿದದ್ದು ಮೀಟರ್. ಇಲ್ಲಿಯೇ ನಿಜವಾದ ಕಷ್ಟ ಶುರುವಾಗುವುದು. ಮುಖ್ಯ ಮೀಟರ್ ಒಂದು ತಿಂಗಳಲ್ಲಿ 412 ಕಿಲೋಲೀಟರ್ (ಒಂದು ಕಿಲೋಲೀಟರ್ ಎಂದರೆ ಸಾವಿರ ಲೀಟರ್) ತೋರಿಸಿತು, ಶೆಡ್‌ಗಳ ಉಪಮೀಟರ್‌ಗಳನ್ನೆಲ್ಲ ಕೂಡಿಸಿದರೆ 371 ಬಂತು ಎಂದಿಟ್ಟುಕೊಳ್ಳಿ. ನಡುವಿನ 41 ಕಿಲೋಲೀಟರ್, ಅಂದರೆ ನೂರಕ್ಕೆ ಹತ್ತು ಪಾಲು, ಯಾರ ಖಾತೆಗೆ? ಮೀಟರ್ ಹಾಕಿದ ಮೊದಲ ತಿಂಗಳಲ್ಲೇ ಆವರಣಗಳಲ್ಲಿ ಜಗಳ ಏಳುವುದು ಈ ವ್ಯತ್ಯಾಸದ ಮೇಲೆ. ಬಳಕೆಯ ಪ್ರಮಾಣದಲ್ಲಿ ಎಲ್ಲರ ಮೇಲೂ ಹಾಕಿದರೆ, ರಸ್ತೆಯಡಿಯ ಸಾಮಾನ್ಯ ಪೈಪಿನಲ್ಲಿ ಸೋರಿದ ನೀರಿಗೆ ಹೆಚ್ಚು ಜನರಿರುವ ಶೆಡ್ಡು ಹೆಚ್ಚು ಹಣ ಕೊಟ್ಟಂತಾಗುತ್ತದೆ. ಸಮನಾಗಿ ಹಂಚಿದರೆ ಬೀಗ ಹಾಕಿರುವ ಶೆಡ್ಡಿನವರು ಒಪ್ಪುವುದಿಲ್ಲ. ಪೂರ್ತಿ ಆವರಣದ ಮಾಲೀಕರ ಮೇಲೆ ಹಾಕಿದರೆ ಅವರು ಅದನ್ನು ಬಾಡಿಗೆಯಲ್ಲಿ ಸೇರಿಸುತ್ತಾರೆ.

ನನಗೆ ನ್ಯಾಯವೆನಿಸಿದ್ದು ಒಂದು ನಡುವಿನ ದಾರಿ. ಮೀಟರ್‌ಗಳೂ ಅಲ್ಪಸ್ವಲ್ಪ ತಪ್ಪುತ್ತವೆ, ಫಿಲ್ಟರ್ ತೊಳೆಯಲು ಸ್ವಲ್ಪ ನೀರು ಹೋಗುತ್ತದೆ. ಹೀಗಾಗಿ ಮುಖ್ಯ ಮೀಟರಿನ ನೂರಕ್ಕೆ ಐದರವರೆಗಿನ ವ್ಯತ್ಯಾಸವನ್ನು ಬಳಕೆಯ ಪ್ರಮಾಣದಲ್ಲಿ ಎಲ್ಲರೂ ಹೊರಬೇಕು. ಅದಕ್ಕೆ ಮೇಲ್ಪಟ್ಟದ್ದನ್ನು ಪೈಪು ಯಾರ ಸುಪರ್ದಿನಲ್ಲಿದೆಯೋ ಅವರೇ ಹೊರಬೇಕು. ಮೇಲಿನ ಉದಾಹರಣೆಯಲ್ಲಿ ಸುಮಾರು 20.6 ಕಿಲೋಲೀಟರ್ ಎಲ್ಲರ ಪಾಲು, ಉಳಿದ 20.4 ಆವರಣದ ಆಡಳಿತದ ಪಾಲು. ಸೋರಿಕೆಯನ್ನು ಮುಚ್ಚುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಜೇಬಿಗೆ ಅದು ತಟ್ಟದ ಹೊರತು ರಸ್ತೆ ಅಗೆಯುವ ಕೆಲಸ ಮುಂದಿನ ತಿಂಗಳಿಗೆ ದೂಡಲ್ಪಡುತ್ತಲೇ ಇರುತ್ತದೆ. ಈ ಒಂದು ಸಾಲನ್ನು ಮೀಟರ್ ಕೊಳ್ಳುವ ಮೊದಲೇ ಬಾಡಿಗೆ ಕರಾರಿನಲ್ಲಿ ಬರೆಸಿಕೊಳ್ಳಿ.

ದರದ ವಿಷಯದಲ್ಲಿ ಮನೆಗಳಿಗಿರುವಂತೆ ಬಳಕೆ ಏರಿದಂತೆಲ್ಲ ದರವೂ ಏರುವ ಹಂತಗಳ ಪದ್ಧತಿಯನ್ನು ಕೆಲವರು ತರುತ್ತಾರೆ. ಅಂಗಳ ತೊಳೆಯುವ, ಗಿಡಕ್ಕೆ ಬಿಡುವ ನೀರಿಗೆ ಅದು ಸರಿ. ಕುಡಿಯುವ ನೀರಿನ ಲೈನಿಗೆ ಬೇಡ. ಹೆಚ್ಚು ಜನರಿಗೆ ಕೆಲಸ ಕೊಟ್ಟವರಿಗೆ ದಂಡ ಹಾಕಿದಂತಾಗುತ್ತದೆ. ಒಂದು ನಿಗದಿತ ತಿಂಗಳ ಶುಲ್ಕ, ಅದರ ಮೇಲೆ ಕಿಲೋಲೀಟರಿಗೆ ಒಂದೇ ದರ, ಇಷ್ಟು ಸಾಕು. ನಿಗದಿತ ಶುಲ್ಕದಲ್ಲಿ ಪಂಪಿನ ದುರಸ್ತಿ, ನೀರಿನ ಪರೀಕ್ಷೆ, ಟ್ಯಾಂಕು ತೊಳೆಯುವ ಕೂಲಿ ಬರಲಿ. ಇವು ಮಳೆಗಾಲದಲ್ಲಿ ಶೆಡ್ಡು ಮುಚ್ಚಿದ್ದರೂ ತಪ್ಪದ ಖರ್ಚುಗಳು.

ಕರೆಂಟಿನ ಖರ್ಚೇ ದೊಡ್ಡದು ಎನ್ನುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಒಂದು ಕಿಲೋಲೀಟರ್ ನೀರನ್ನು 50 ಮೀಟರ್ ಎತ್ತಲು ಬೇಕಾದ ಶಕ್ತಿ 0.136 ಯೂನಿಟ್. ಪಂಪು ಅರ್ಧ ಶಕ್ತಿಯನ್ನು ವ್ಯರ್ಥ ಮಾಡಿದರೂ 0.27 ಯೂನಿಟ್ ಮಾತ್ರ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಕೈಕೊಟ್ಟು, ಕಾವೇರಿಯ ಬಂಡೆಗಳು ಮೇಲೆದ್ದು, ಟ್ಯಾಂಕರ್ ತರಿಸುವ ದಿನ ಬಂದಾಗ ಖರ್ಚಿನ ಬೇರೆಯೇ ಮುಖ ಕಾಣುತ್ತದೆ. ಆ ತಿಂಗಳ ಟ್ಯಾಂಕರ್ ಹಣವನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರೆದು ಆ ತಿಂಗಳ ಬಳಕೆಯ ಮೇಲೆಯೇ ಹಂಚಬೇಕು. ವರ್ಷದ ದರದಲ್ಲಿ ಕಲಸಿಬಿಟ್ಟರೆ ಯಾರೂ ಬೇಸಿಗೆಯಲ್ಲಿ ನೀರು ಉಳಿಸುವುದಿಲ್ಲ. ಟ್ಯಾಂಕರಿನವರು ಹೇಳಿದ ಲೀಟರ್ ನಂಬಿ ಬರೆಯುವುದಕ್ಕಿಂತ ಸಂಪಿಗೆ ಒಂದು ಅಳತೆಯ ಕೋಲು ಇಳಿಬಿಡಿ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಸಂಪಿನಲ್ಲಿ ಹತ್ತು ಸೆಂಟಿಮೀಟರ್ ಏರಿತೆಂದರೆ 600 ಲೀಟರ್ ಬಂದಂತೆ.

ಅಳತೆ: ಎಲ್ಲರೂ ಎಡವುವ ಜಾಗ

ಒಂದು ಆವರಣದ ಸಂಗತಿ ಹೇಳುತ್ತೇನೆ. ಮೇಲಿನ ಟ್ಯಾಂಕಿನಿಂದ ಕೆಳಗಿಳಿಯುವ ಪೈಪು ಎರಡಿಂಚು. ಅಂಗಡಿಯವರು ಎರಡಿಂಚಿನ ಮೀಟರ್ ಕೊಟ್ಟರು, ನಾವೂ ಹಾಕಿದೆವು. ಮಳೆಗಾಲದ ಬಿಲ್ಲು ನೋಡಿದವರಿಗೆಲ್ಲ ಸಂತೋಷ, ನೀರು ಅಷ್ಟು ಕಡಿಮೆ ಖರ್ಚಾಗಿತ್ತು. ಪಂಪು ಓಡಿದ ಗಂಟೆಗಳನ್ನು ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅದಕ್ಕೂ ಮೀಟರಿಗೂ ತಾಳೆಯೇ ಆಗಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಒಂದೇ ಒಂದು ನಲ್ಲಿಯನ್ನು ಸಣ್ಣಗೆ ಬಿಟ್ಟು ಮೀಟರ್ ಗುಂಡಿಯ ಮುಚ್ಚಳ ತೆಗೆದು ಟಾರ್ಚ್ ಹಿಡಿದು ಕುಳಿತೆ. ನಲ್ಲಿಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಡಯಲಿನ ನಡುವಿನ ಪುಟ್ಟ ನಕ್ಷತ್ರದ ಚಕ್ರ ಅಲ್ಲಾಡಲಿಲ್ಲ.

ಕಾರಣ ಮೀಟರ್ ಕೆಟ್ಟಿದ್ದಲ್ಲ. ಯಾಂತ್ರಿಕ ಮೀಟರ್‌ಗೆ ತಾನು ಲೆಕ್ಕ ಹಿಡಿಯಬಲ್ಲ ಕನಿಷ್ಠ ಹರಿವು ಎಂಬುದೊಂದಿದೆ. ಸಣ್ಣ ಹರಿವನ್ನು ಹಿಡಿಯುವ ಶಕ್ತಿಯ ಮೇಲೆ ಮಾಡಿದ ಹಳೆಯ ಎ, ಬಿ, ಸಿ ದರ್ಜೆಗಳ ಪ್ರಕಾರ ಎರಡಿಂಚಿನ, ಅಂದರೆ 50 ಮಿ.ಮೀ. ಬಿ ದರ್ಜೆಯ ಮೀಟರಿಗೆ ಆ ಕನಿಷ್ಠ ಗಂಟೆಗೆ 450 ಲೀಟರ್. ಗಂಟೆಗೆ 3,000 ಲೀಟರ್ ದಾಟಿದ ಮೇಲೆಯೇ ಅದರ ತಪ್ಪು ನೂರಕ್ಕೆ ಎರಡರೊಳಗೆ ಬರುವುದು; ಅದಕ್ಕಿಂತ ಕೆಳಗೆ ನೂರಕ್ಕೆ ಐದರವರೆಗೆ ತಪ್ಪಿದರೂ ಮಾನಕ ಒಪ್ಪುತ್ತದೆ. ಈಗ ನಮ್ಮ ಆವರಣದ ಲೆಕ್ಕ ಹಿಡಿಯಿರಿ. ಕೊಯ್ಲಿನ ಕಾಲದಲ್ಲಿ 200 ಜನ, ತಲೆಗೆ 30 ಲೀಟರ್, ಎಂಟು ಗಂಟೆಯ ಪಾಳಿ: ಗಂಟೆಗೆ ಸರಾಸರಿ 750 ಲೀಟರ್. ಮಳೆಗಾಲದಲ್ಲಿ 40 ಜನ: ಗಂಟೆಗೆ 150 ಲೀಟರ್. ಆ ಮೀಟರ್ ಜುಲೈ ತಿಂಗಳಿಡೀ ಬಹುಪಾಲು ಕಣ್ಣು ಮುಚ್ಚಿಯೇ ಇತ್ತು.

ಹಾಗಾದರೆ ಚಿಕ್ಕದು ಹಾಕೋಣ ಎಂದು ಒಂದಿಂಚಿಗೆ ಇಳಿದರೆ? 25 ಮಿ.ಮೀ. ಬಿ ದರ್ಜೆಗೆ ಕನಿಷ್ಠ ಹರಿವು ಗಂಟೆಗೆ 70 ಲೀಟರ್, ನಿಖರತೆ ಶುರುವಾಗುವುದು 280ರಿಂದ. ಮಳೆಗಾಲಕ್ಕೂ ಕೊಯ್ಲಿಗೂ ಹೊಂದುತ್ತದೆ. ಆದರೆ ಊಟದ ಗಂಟೆಯನ್ನು ಮರೆಯಬಾರದು. ಹದಿನೈದು ನಲ್ಲಿಗಳು ಒಟ್ಟಿಗೆ ತೆರೆದು ಒಂದೊಂದರಲ್ಲಿ ನಿಮಿಷಕ್ಕೆ ಆರು ಲೀಟರ್ ಬಂದರೆ ಗಂಟೆಗೆ 5,400 ಲೀಟರಿನ ವೇಗವಾಯಿತು. ಈ ಮೀಟರಿನ ಗರಿಷ್ಠ 7,000 ಲೀಟರ್. ಆ ಗರಿಷ್ಠದಲ್ಲಿ ಒಂದು ಬಾರ್‌ವರೆಗೆ ಒತ್ತಡ ನುಂಗಲು ಅದಕ್ಕೆ ಅವಕಾಶವಿದೆ. ಒತ್ತಡದ ನಷ್ಟ ಹರಿವಿನ ವರ್ಗದಂತೆ (ಹರಿವು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು) ಏರಿಳಿಯುವುದರಿಂದ 5,400ರಲ್ಲಿ ಸುಮಾರು 0.6 ಬಾರ್, ಅಂದರೆ ಆರು ಮೀಟರ್ ಎತ್ತರದ ನೀರಿನ ಬಲ ಮೀಟರಿನಲ್ಲೇ ಕಳೆದುಹೋಗಬಹುದು. ನಿಮ್ಮ ಟ್ಯಾಂಕು ನಲ್ಲಿಗಿಂತ ಹತ್ತು ಮೀಟರ್ ಮಾತ್ರ ಮೇಲಿದ್ದರೆ ಸಾಲಿನ ಕೊನೆಯ ನಲ್ಲಿಯಲ್ಲಿ ನೀರು ನೂಲಿನಂತೆ ಬರುತ್ತದೆ. ಊಟಕ್ಕಿರುವ ಅರ್ಧ ಗಂಟೆಯಲ್ಲಿ ತಟ್ಟೆ ಹಿಡಿದು ಕಾಯುವವರಿಗೆ ಅದು ದೊಡ್ಡ ಹಿಂಸೆ. ನಡುವಿನ 40 ಮಿ.ಮೀ. ಬಿ ದರ್ಜೆಯದು ಒತ್ತಡ ಉಳಿಸುತ್ತದೆ, ಆದರೆ ಅದರ ಕನಿಷ್ಠ 200 ಲೀಟರ್. ಮಳೆಗಾಲದ 150 ಮತ್ತೆ ಕೈ ತಪ್ಪುತ್ತದೆ.

ಇಂಥ ಕಡೆ ಎರಡೇ ಒಳ್ಳೆಯ ಆಯ್ಕೆಗಳು. ಹಣವಿದ್ದರೆ ಅಲ್ಟ್ರಾಸಾನಿಕ್ ಮೀಟರ್. ಈಗಿನ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4064 ಮೀಟರ್‌ಗಳನ್ನು ಎ, ಬಿ, ಸಿ ಎಂದು ಕರೆಯುವುದಿಲ್ಲ. ಕ್ಯೂ3 ಎಂಬ ಕಾಯಂ ಹರಿವು ಮತ್ತು ಅದನ್ನು ಕನಿಷ್ಠ ಹರಿವಿನಿಂದ ಭಾಗಿಸಿದ ಆರ್ ಸಂಖ್ಯೆ, ಈ ಎರಡನ್ನು ಡಯಲಿನ ಮೇಲೆ ಬರೆಸುತ್ತದೆ. ಕ್ಯೂ3 ಗಂಟೆಗೆ 16 ಕ್ಯೂಬಿಕ್ ಮೀಟರ್, ಆರ್ 400 ಎಂದಿದ್ದರೆ ಕನಿಷ್ಠ ಹರಿವು 16,000 ಲೀಟರನ್ನು 400ರಿಂದ ಭಾಗಿಸಿದಷ್ಟು, ಅಂದರೆ ಗಂಟೆಗೆ 40 ಲೀಟರ್. ಊಟದ ಹೊತ್ತಿನ 5,400 ಲೀಟರಿಗೂ ಅದು ಒತ್ತಡವನ್ನು ಬಹಳ ತಿನ್ನುವುದಿಲ್ಲ. ಅಂಗಡಿಯಲ್ಲಿ ಎಷ್ಟು ಇಂಚಿನದು ಎಂದು ಕೇಳುವ ಮೊದಲು ಆರ್ ಎಷ್ಟು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಹಣ ಕಡಿಮೆ ಇದ್ದರೆ ಮೀಟರಿನ ಜಾಗ ಬದಲಿಸಿ. ಟ್ಯಾಂಕಿನಿಂದ ಇಳಿಯುವ ಪೈಪಿನ ಬದಲು ಟ್ಯಾಂಕಿಗೆ ಏರುವ ಪೈಪಿಗೆ ಹಾಕಿ. ಅಲ್ಲಿ ಪಂಪು ಓಡುವಾಗ ಒಂದೇ ವೇಗದ ಹರಿವು, ಉಳಿದ ಹೊತ್ತು ಸೊನ್ನೆ. ಗಂಟೆಗೆ ಐದು ಸಾವಿರ ಲೀಟರ್ ಎತ್ತುವ ಪಂಪಿನ ಮೇಲೆ 40 ಮಿ.ಮೀ. ಸಾಧಾರಣ ಮೀಟರ್ ಕೂಡ ತನ್ನ ಅತ್ಯುತ್ತಮ ವಲಯದಲ್ಲೇ ಕೆಲಸ ಮಾಡುತ್ತದೆ. ಮೇಲೆ ಹೇಳಿದ ಆವರಣದಲ್ಲಿ ನಾವು ಮಾಡಿದ್ದು ಇದನ್ನೇ, ಮತ್ತು ಅದು ಇಂದಿಗೂ ಸರಿಯಾಗಿದೆ. ಒಂದು ಎಚ್ಚರಿಕೆ ಇದೆ. ಪಂಪಿನ ಬದಲು ಮುಖ್ಯ ಲೈನಿನಿಂದಲೇ ಫ್ಲೋಟ್ ವಾಲ್ವ್ ಮೂಲಕ ತುಂಬುವ ಟ್ಯಾಂಕಾದರೆ, ಟ್ಯಾಂಕು ತುಂಬುತ್ತ ಬಂದಂತೆ ವಾಲ್ವ್ ಮೆಲ್ಲಗೆ ಮುಚ್ಚಿಕೊಂಡು ಗಂಟೆಗಟ್ಟಲೆ ಸಣ್ಣ ಧಾರೆಯಾಗಿ ನೀರು ಬಿಡುತ್ತದೆ. ಆ ಧಾರೆ ಮತ್ತೆ ಮೀಟರಿನ ಕಣ್ಣು ತಪ್ಪಿಸುತ್ತದೆ. ಪೂರ್ತಿ ತೆರೆದು ಪೂರ್ತಿ ಮುಚ್ಚುವ ಬಗೆಯ ವಾಲ್ವ್ ಅಲ್ಲಿಗೆ ಬೇಕು.

ಶೆಡ್‌ಗಳ ಉಪಮೀಟರ್ ಸಾಮಾನ್ಯವಾಗಿ ಅರ್ಧ ಅಥವಾ ಮುಕ್ಕಾಲು ಇಂಚಿನದು. ಅರ್ಧ ಇಂಚಿನಲ್ಲಿ ಕನಿಷ್ಠ ಹರಿವು ಎ ದರ್ಜೆಗೆ ಗಂಟೆಗೆ 60 ಲೀಟರ್, ಬಿಗೆ 30, ಸಿಗೆ 15. ಈ ಸಂಖ್ಯೆಗಳು ಸಣ್ಣವೆನಿಸಬಹುದು. ಒಂದು ನಲ್ಲಿ ನಿಮಿಷಕ್ಕೆ ಒಂದು ಲೀಟರಿನಂತೆ ಸೋರಿದರೆ ಗಂಟೆಗೆ 60 ಲೀಟರ್, ದಿನಕ್ಕೆ 1,440, ಮೂವತ್ತು ದಿನಕ್ಕೆ 43 ಕಿಲೋಲೀಟರ್. ಎ ದರ್ಜೆಯ ಮೀಟರ್ ಅದನ್ನು ಹಿಡಿದರೆ ಪುಣ್ಯ. ಉಪಮೀಟರ್‌ಗೆ ಬಿಗಿಂತ ಕೆಳಗೆ ಹೋಗಲೇಬೇಡಿ.

ನಮ್ಮ ಮಳೆಗೆ, ನಮ್ಮ ಕರೆಂಟಿಗೆ ಯಾವುದು ತಾಳುತ್ತದೆ

ಮಲ್ಟಿಜೆಟ್ ಎಂಬ ಸಾಧಾರಣ ಯಾಂತ್ರಿಕ ಮೀಟರಿನಲ್ಲಿ ನೀರು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅಗ್ಗ, ಎಲ್ಲ ಪ್ಲಂಬರ್‌ಗಳಿಗೂ ಗೊತ್ತು, ಕರೆಂಟು ಬೇಡ. ಉಪಮೀಟರ್‌ಗಳಿಗೆ ನಾನು ಇಂದಿಗೂ ಇದನ್ನೇ ಹೇಳುತ್ತೇನೆ. ಐಎಸ್ 779ರ ಐಎಸ್‌ಐ ಗುರುತು ಇರಲಿ. ನೀರನ್ನು ಪುಟ್ಟ ಕೋಣೆಯಲ್ಲಿ ತುಂಬಿ ತುಂಬಿ ಎಣಿಸುವ ಪಿಸ್ಟನ್ ಬಗೆಯ ಮೀಟರ್ ಸಣ್ಣ ಹರಿವನ್ನು ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಆದರೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ನಿಂತುಬಿಡುತ್ತದೆ. ಜುಲೈ ಆಗಸ್ಟ್‌ನಲ್ಲಿ ಕಾವೇರಿ, ಹಾರಂಗಿ ಕೆಂಪಾಗಿ ಹರಿಯುವುದನ್ನು ನೋಡಿದವರು ಶುದ್ಧೀಕರಿಸದ ನೀರಿನ ಲೈನಿಗೆ ಅದನ್ನು ಹಾಕುವುದಿಲ್ಲ. ಫಿಲ್ಟರ್ ದಾಟಿದ ಮೇಲಿನ ಕುಡಿಯುವ ನೀರಿನ ಲೈನಿಗೆ ಅದು ಒಳ್ಳೆಯ ಆಯ್ಕೆ. ಯಾವ ಯಾಂತ್ರಿಕ ಮೀಟರ್ ಆದರೂ ಮುಂದೆ ಕಸ ತಡೆಯುವ ಜಾಲರಿಯ ಒಂದು ಸ್ಟ್ರೈನರ್ ಇರಲೇಬೇಕು, ಮಳೆಗಾಲದಲ್ಲಿ ಅದನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಲೇಬೇಕು. ಆಗಸ್ಟ್ 2018ರ ಮಳೆಯ ನಂತರ ಬಿಚ್ಚಿದ ಸ್ಟ್ರೈನರ್‌ಗಳಲ್ಲಿ ಅಂಗೈ ತುಂಬ ನುಣುಪಾದ ಕೆಂಪು ಮಣ್ಣು, ಅದರ ನಡುವೆ ಕೊಳೆತ ಎಲೆಯ ನರಗಳು ಸಿಗುತ್ತಿದ್ದವು.

ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರಿಗೆ ತಿರುಗುವ ಭಾಗವೇ ಇಲ್ಲ. ಕೆಸರು ನೀರಾದರೂ ಅಂಜುವುದಿಲ್ಲ, ಪೈಪಿಗೆ ಒಳಗೆ ಅಡ್ಡಿ ಇಲ್ಲ, ಒತ್ತಡ ಕಳೆಯುವುದಿಲ್ಲ. ನದಿಯಿಂದ ಅಥವಾ ಕೊಳವೆ ಬಾವಿಯಿಂದ ಬರುವ ದೊಡ್ಡ ಪೈಪಿಗೆ ತಾಂತ್ರಿಕವಾಗಿ ಇದಕ್ಕೆ ಸಾಟಿಯಿಲ್ಲ. ಆದರೆ ಇದರ ಬಹುತೇಕ ಮಾದರಿಗಳು ಕರೆಂಟಿನ ಮೇಲೆ ನಡೆಯುವಂಥವು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿರುವಾಗ ಟ್ಯಾಂಕಿನ ನೀರು ತನ್ನ ಪಾಡಿಗೆ ಇಳಿಯುತ್ತಿರುತ್ತದೆ, ಮೀಟರ್ ಎಣಿಸುವುದಿಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಅದರ ಬೋರ್ಡ್ ಸುಟ್ಟುಹೋದರೆ ದುರಸ್ತಿ ಮೈಸೂರಿಗೋ ಬೆಂಗಳೂರಿಗೋ ಹೋಗಿ ಬರಬೇಕು. ಬ್ಯಾಟರಿಯ ಮಾದರಿ ಸಿಕ್ಕರೆ ತೆಗೆದುಕೊಳ್ಳಿ. ಇಲ್ಲವಾದರೆ ಸಿಡಿಲು ರಕ್ಷಕ ಮತ್ತು ಯುಪಿಎಸ್ ಬೆಲೆಯನ್ನೂ ಸೇರಿಸಿಯೇ ಹೋಲಿಸಿ. ಅದೇ ಪಂಪು ಓಡುವಾಗ ಮಾತ್ರ ನೀರು ಹರಿಯುವ ಪೈಪಾದರೆ ಈ ದೋಷ ದೊಡ್ಡದಲ್ಲ. ಕರೆಂಟಿಲ್ಲದಾಗ ಪಂಪೂ ನಿಂತಿರುತ್ತದಲ್ಲ.

ಅಲ್ಟ್ರಾಸಾನಿಕ್ ಮೀಟರ್ ಶಬ್ದದ ಅಲೆಯನ್ನು ನೀರಿನೊಡನೆಯೂ ನೀರಿಗೆ ಎದುರಾಗಿಯೂ ಕಳಿಸಿ, ಎರಡರ ಸಮಯದ ವ್ಯತ್ಯಾಸದಿಂದ ವೇಗ ತಿಳಿಯುತ್ತದೆ. ಹತ್ತು ವರ್ಷ ಬಾಳುವ ಬ್ಯಾಟರಿಯೊಡನೆ ಬರುತ್ತದೆ, ಕರೆಂಟಿನ ಹಂಗಿಲ್ಲ. ಬೆಲೆ ಯಾಂತ್ರಿಕದ ಹಲವು ಪಟ್ಟು. ನನ್ನ ತೀರ್ಪು ಇಷ್ಟು: ಮುಖ್ಯ ಮೀಟರ್ ಒಂದಕ್ಕೆ ಈ ಖರ್ಚು ಮಾಡಿ, ಉಪಮೀಟರ್‌ಗಳಿಗೆ ಬೇಡ. ಉಪಮೀಟರ್‌ಗಳ ತಪ್ಪನ್ನು ಹಿಡಿಯುವುದು ಮುಖ್ಯ ಮೀಟರೇ ಆದ್ದರಿಂದ ಅದು ಎಲ್ಲಕ್ಕಿಂತ ನಂಬಿಕಸ್ಥನಾಗಿರಬೇಕು.

ಯಾವುದನ್ನೇ ಕೊಂಡರೂ ಜೋಡಿಸುವ ಬಗೆ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಮೀಟರಿನೊಳಗೆ ಯಾವಾಗಲೂ ಪೈಪು ತುಂಬಿ ನೀರಿರಬೇಕು. ಅದಕ್ಕಾಗಿ ಪೈಪನ್ನು ಸ್ವಲ್ಪ ತಗ್ಗಿಸಿ ಆ ತಗ್ಗಿನಲ್ಲಿ ಮೀಟರ್ ಕೂರಿಸಿ. ಮಲ್ಟಿಜೆಟ್ ಮೀಟರಿನ ಡಯಲು ಆಕಾಶ ನೋಡುವಂತೆ ಮಟ್ಟಸವಾಗಿರಲಿ. ಗುಡ್ಡದ ಮೇಲಿನ ಟ್ಯಾಂಕಿನಿಂದ ಇಳಿದು ಏರಿ ಬರುವ ನಮ್ಮ ಪೈಪುಗಳಲ್ಲಿ ಗಾಳಿ ಸೇರಿಕೊಳ್ಳುವುದು ಮಾಮೂಲು. ನೀರು ನಿಂತು ಮತ್ತೆ ಬಂದಾಗ ಮೊದಲು ನುಗ್ಗುವುದು ಆ ಗಾಳಿ. ಯಾಂತ್ರಿಕ ಮೀಟರ್ ಅದನ್ನೂ ನೀರೆಂದೇ ಎಣಿಸುತ್ತದೆ. ಕೆಂಪು ಮುಳ್ಳು ಬುಗುರಿಯಂತೆ ಸುತ್ತುವುದನ್ನು ನೀವೇ ನೋಡಬಹುದು. ಪೈಪಿನ ಎತ್ತರದ ಬಿಂದುಗಳಲ್ಲಿ ಏರ್ ವಾಲ್ವ್ ಇಟ್ಟರೆ ಗಾಳಿಗೆ ಹಣ ಕೊಡುವುದು ತಪ್ಪುತ್ತದೆ. ಇನ್ನು ಟ್ಯಾಂಕು 80 ಮೀಟರ್ ಮೇಲಿದ್ದರೆ ಕೆಳಗೆ ಎಂಟು ಬಾರ್ ಒತ್ತಡ ನಿಂತಿರುತ್ತದೆ. ಮೀಟರ್ ಎಷ್ಟು ಬಾರ್ ತಾಳುತ್ತದೆ ಎಂದು ಅದರ ಮೈಮೇಲೆಯೇ ಬರೆದಿರುತ್ತದೆ, ಓದಿ ಕೊಳ್ಳಿ.

ಡಯಲಿನ ಗಾಜಿನ ಒಳಗೆ ತೇವ ಕಟ್ಟುವ ಮಾದರಿಗಳನ್ನು ಕೊಡಗಿಗೆ ತರಬೇಡಿ. ಮೂರು ತಿಂಗಳು ಗುಂಡಿಯಲ್ಲಿ ನೀರು ನಿಲ್ಲುವ ಊರಿದು. ಗಾಜನ್ನು ಹೊರಗಿನಿಂದ ಬೆರಳಲ್ಲಿ ಎಷ್ಟು ಒರೆಸಿದರೂ ಒಳಗಿನ ಮಂಜು ಹೋಗುವುದಿಲ್ಲ. ಮೂರೋ ಎಂಟೋ ಎಂದು ಊಹಿಸಿ ಬರೆದ ಅಂಕಿಯ ಮೇಲೆ ಬಿಲ್ಲು ಹೋಗುತ್ತದೆ. ನೀರಿನಲ್ಲಿ ಮುಳುಗಿದರೂ ತಾಳುವ ಐಪಿ68 ಮೊಹರಿನ ಡಯಲನ್ನೇ ಕೇಳಿ.

ಓದುವುದು ಹೇಗೆ

ಪುಸ್ತಕ ಹಿಡಿದು ಓದುವುದು, ಇಂತಿಷ್ಟು ಲೀಟರಿಗೊಮ್ಮೆ ಪಲ್ಸ್, ಅಂದರೆ ವಿದ್ಯುತ್ ಮಿಡಿತ, ಕೊಡುವ ಮೀಟರಿನಿಂದ ತಂತಿ ಎಳೆದು ಕಚೇರಿಯಲ್ಲೇ ಓದುವುದು, ರೇಡಿಯೋ ಮೂಲಕ ಮೊಬೈಲಿಗೆ ತರಿಸುವುದು. ಹತ್ತು ಮೀಟರ್‌ಗಿಂತ ಕಡಿಮೆ ಇರುವ ಕಡೆ ಮೊದಲನೆಯದೇ ಸಾಕು. ತಿಂಗಳ ಕೊನೆಯ ದಿನ ಶೆಡ್ಡಿನವರ ಎದುರೇ ಓದಿ, ಡಯಲಿನ ಫೋಟೋ ತೆಗೆದು, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿ. ಕಪ್ಪು ಅಂಕಿಗಳು ಕಿಲೋಲೀಟರ್, ಕೆಂಪು ಅದಕ್ಕಿಂತ ಕೆಳಗಿನದು. ಬಿಲ್ಲಿಗೆ ಕಪ್ಪು ಸಾಕು, ಸೋರಿಕೆ ಹುಡುಕಲು ಕೆಂಪು ಬೇಕು.

ಪಲ್ಸ್ ಮೀಟರ್ ಕೊಳ್ಳುವಾಗ ಒಂದು ಪಲ್ಸಿಗೆ ಎಷ್ಟು ಲೀಟರ್ ಎಂದು ಕೇಳದೆ ಕೊಳ್ಳಬೇಡಿ. ರಾತ್ರಿ ಗಂಟೆಗೆ 50 ಲೀಟರ್ ಸೋರುತ್ತಿದ್ದರೆ, 100 ಲೀಟರಿಗೊಂದು ಪಲ್ಸ್ ಕೊಡುವ ಮೀಟರ್ ಎರಡು ಗಂಟೆಗೊಮ್ಮೆ ಮಿಸುಕುತ್ತದೆ. 10 ಲೀಟರಿಗೊಂದು ಕೊಡುವುದು ಗಂಟೆಗೆ ಐದು ಸಲ ಎಚ್ಚರಿಸುತ್ತದೆ. ಕಚೇರಿಯ ಪರದೆಗೂ ಡಯಲಿಗೂ ವ್ಯತ್ಯಾಸ ಬಂದರೆ ಡಯಲೇ ಪ್ರಮಾಣ ಎಂದು ಕರಾರಿನಲ್ಲಿರಲಿ. ರೇಡಿಯೋ ಬಗೆಯವು ಭಾರತದಲ್ಲಿ ಪರವಾನಗಿ ಬೇಡದ 865ರಿಂದ 868 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಕಬ್ಬಿಣದ ಮುಚ್ಚಳದ ಗುಂಡಿ, ಮಳೆಯಲ್ಲಿ ನೆನೆದ ಮರಗಳ ಗುಂಪು, ನಡುವೆ ಒಂದು ಗುಡ್ಡ ಇವೆಲ್ಲ ಅದಕ್ಕೆ ಅಡ್ಡಿ. ಆದ್ದರಿಂದ ಕೊಳ್ಳುವ ಮೊದಲು ಒಂದೇ ಒಂದು ಮೀಟರ್ ತರಿಸಿ, ಮಳೆಗಾಲದಲ್ಲಿ ಒಂದು ತಿಂಗಳು ಇಟ್ಟು ನೋಡಿ. ಬೇಸಿಗೆಯ ಬಿಸಿಲಲ್ಲಿ ಮಾಡಿ ತೋರಿಸಿದ್ದನ್ನು ನಂಬಬೇಡಿ.

ಶೆಡ್ಡು ಮುಚ್ಚುವ ಆರು ಗಂಟೆಗೂ ಮರುದಿನ ತೆರೆಯುವ ಎಂಟು ಗಂಟೆಗೂ ಒಮ್ಮೊಮ್ಮೆ ಮೀಟರ್ ನೋಡುವ ರೂಢಿಯನ್ನು ಕಾವಲುಗಾರರಿಗೆ ಕಲಿಸಿಕೊಡಿ. ಹದಿನಾಲ್ಕು ಗಂಟೆಯಲ್ಲಿ 700 ಲೀಟರ್ ಹೋಗಿದ್ದರೆ ಗಂಟೆಗೆ 50 ಲೀಟರ್ ಎಲ್ಲೋ ಸೋರುತ್ತಿದೆ. ಸಾವಿರಾರು ರೂಪಾಯಿಯ ಸಾಧನ ಮಾಡುವ ಈ ಕೆಲಸವನ್ನು ಒಂದು ಟಾರ್ಚ್, ಒಂದು ಪುಸ್ತಕ ಮಾಡಿಕೊಡುತ್ತವೆ.

ಮೀಟರಿನ ಮೇಲೆ ಅನುಮಾನ ಬಂದರೆ 200 ಲೀಟರಿನ ಡ್ರಮ್ ತುಂಬಿಸಿ ನೋಡಿ. ಒಳ್ಳೆಯ ಹರಿವಿನಲ್ಲಿ ನಾಲ್ಕು ಲೀಟರಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಡ್ರಮ್ಮಿನ ಅಳತೆಯೂ ಸರಿಯಿರಲೆಂದು ಅದಕ್ಕೆ ಮೊದಲು ಇಪ್ಪತ್ತು ಲೀಟರ್ ಕ್ಯಾನಿನಿಂದ ತುಂಬಿ ಗೆರೆ ಹಾಕಿಕೊಳ್ಳಿ. ಜಗಳ ಅದಕ್ಕೂ ಮೀರಿದರೆ ಕೇರಳದ ಪಾಲಕ್ಕಾಡಿನಲ್ಲಿರುವ ಎಫ್‌ಸಿಆರ್‌ಐ ಎಂಬ ಕೇಂದ್ರದ ಸಂಸ್ಥೆ ಹರಿವಿನ ಮೀಟರ್‌ಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ.

ಮುಂಗಡ ಹಣ ತುಂಬಿದಷ್ಟೇ ನೀರು ಬಿಡುವ ಪ್ರೀಪೇಯ್ಡ್ ಮೀಟರ್‌ಗಳ ಬಗ್ಗೆ ಒಂದೇ ಮಾತು. ಕುಡಿಯುವ ನೀರಿನ ಲೈನಿಗೆ ಅವನ್ನು ಹಾಕಬೇಡಿ. ಶೆಡ್ಡಿನವರು ಹಣ ತುಂಬಲು ಮರೆತ ದಿನ ಬಾಯಾರುವುದು ಅವರಲ್ಲ.

ಕುಡಿಯುವ ನಲ್ಲಿಗೆ ಬೇರೆಯೇ ಮೀಟರ್

ಅಂಗಳ, ಶೌಚಾಲಯ, ತೋಟದ ಲೈನಿನಿಂದ ಕುಡಿಯುವ ನೀರಿನ ಲೈನನ್ನು ಬೇರ್ಪಡಿಸಿ ಅದಕ್ಕೊಂದು ಸಣ್ಣ ಮೀಟರ್ ಹಾಕಬೇಕೆಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ. ಮೊದಲ ಸಲ ಹಾಗೆ ಹಾಕಿದ ದಿನ, ಬೀಜ ಆರಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಕೈಯಲ್ಲಿ ಲೋಟ ಹಿಡಿದುಕೊಂಡೇ ಬಂದು ಕೇಳಿದರು: “ಅಣ್ಣಾ, ಇನ್ನು ಮುಂದೆ ನಾವು ಕುಡಿಯುವ ನೀರಿಗೂ ಕೂಲಿಯಲ್ಲಿ ಹಿಡಿಯುತ್ತಾರೆಯೇ?” ಇಲ್ಲ ಅಕ್ಕ, ಇದರ ಬಿಲ್ಲು ಮಾಲೀಕರಿಗೆ, ನಿಮಗಲ್ಲ ಎಂದು ಹೇಳಿದೆ. ಅವರ ಹೆದರಿಕೆ ಸುಳ್ಳಲ್ಲ. ಅದನ್ನು ಕೇಳಿದ ಮೇಲೆ ಮೀಟರಿನ ಪಕ್ಕದ ಗೋಡೆಗೆ ಅದೇ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಸಿದೆವು. ಕೆಲಸಗಾರರೆಲ್ಲರಿಗೂ ಸಾಕಷ್ಟು ಶುದ್ಧ ಕುಡಿಯುವ ನೀರನ್ನು ಮಾಲೀಕರೇ ಒದಗಿಸಬೇಕು, ಆ ಜಾಗದಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿ ‘ಕುಡಿಯುವ ನೀರು’ ಎಂದು ಬರೆದಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ತನ್ನ 18ನೇ ಕಲಮಿನಲ್ಲಿ ಹೇಳಿತ್ತು.

ಹಾಗಾದರೆ ಅಳೆಯುವುದೇಕೆ? ಈ ಒಂದು ಮೀಟರಿನಲ್ಲಿ ಅಂಕಿ ಏರಿದಾಗಲ್ಲ, ಇಳಿದಾಗ ಹೆದರಬೇಕು. ನಮ್ಮ ಕಡೆಯ ಹೊಳೆ ನೀರು ಮೆದು, ಲವಣ ಕಡಿಮೆ. ಅದಕ್ಕೆ ಬಹಳ ಕಡೆ ಆರ್‌ಒ ಯಂತ್ರ ಬೇಡ, ಆ ಯಂತ್ರ ಹೊರಚೆಲ್ಲುವ ನೀರಿನ ಲೆಕ್ಕವೂ ಬೇಡ. ಬೇಕಾದ್ದು ಕೆಸರು ತಡೆಯುವ ಮರಳಿನ ಫಿಲ್ಟರ್, ರೋಗಾಣು ಕೊಲ್ಲುವ ಕ್ಲೋರಿನ್. ಕುಡಿಯುವ ನೀರಿನ ಮಾನಕ ಐಎಸ್ 10500 ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಲಿ ಎನ್ನುತ್ತದೆ. ಅಳೆದು ಹಾಕದೆ ಕೈ ಅಂದಾಜಿನಲ್ಲಿ ಹೆಚ್ಚು ಸುರಿದರೆ ನೀರು ವಾಸನೆ ಹೊಡೆಯುತ್ತದೆ, ಜನ ಕುಡಿಯುವುದನ್ನು ಬಿಡುತ್ತಾರೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕುಡಿಯುವ ನೀರಿಗೆ ಮೊದಲ ಸಲ ಮೀಟರ್ ಹಾಕಿದ ಆ ಶೆಡ್ಡಿನಲ್ಲಿ ಎಂಬತ್ತು ಜನ. ದಿನಕ್ಕೆ 230, 240 ಲೀಟರ್ ಓದುತ್ತಿದ್ದ ಮೀಟರ್ ಮಾರ್ಚ್‌ನ ಒಂದು ವಾರ, ಬಿಸಿಲು ಏರುತ್ತಿರುವಾಗಲೇ, 90ಕ್ಕೆ ಇಳಿಯಿತು. ಮೀಟರ್ ಕೆಟ್ಟಿರಬೇಕೆಂದು ಡ್ರಮ್ ಇಟ್ಟು ನೋಡಿದೆ, ಸರಿಯಾಗಿತ್ತು. ಒಳಗೆ ಹೋದರೆ ಆರಿಸುವವರ ಚೀಲಗಳಲ್ಲಿ ಮನೆಯಿಂದ ತಂದ ಬಾಟಲಿಗಳು. ಒಂದೊಂದು ಬಾಟಲಿ, ಇಡೀ ದಿನಕ್ಕೆ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಾಗ ಬದಿಯ ಕಿಂಡಿಯಿಂದ ಬಿದ್ದ ಸಿಲ್ವರ್ ಓಕ್ ಎಲೆಗಳು ತಳದಲ್ಲಿ ಕೊಳೆತಿದ್ದವು. ಅದರ ವಾಸನೆ ಮುಚ್ಚಲು ಯಾರೋ ಬ್ಲೀಚಿಂಗ್ ಪುಡಿಯನ್ನು ಹೆಚ್ಚಾಗಿ ಹಾಕಿದ್ದರು. ಭಾನುವಾರ ಟ್ಯಾಂಕು ಬರಿದು ಮಾಡಿ ಉಜ್ಜಿದೆವು, ಕಿಂಡಿಗೆ ಜಾಲರಿ ಕಟ್ಟಿದೆವು, ಕ್ಲೋರಿನ್ ಅಳೆದು ಹಾಕಿದೆವು. ಸೋಮವಾರ 140 ಬಂತು. ಗುರುವಾರದ ಹೊತ್ತಿಗೆ ಮೀಟರ್ 236 ಓದಿತು, ಆರಿಸುವವರ ಚೀಲಗಳ ಪಕ್ಕದಲ್ಲಿ ಬಾಟಲಿಗಳಿರಲಿಲ್ಲ.